ರೇಷ್ಮೆ ಎಳೆ ಯಾಕೆ ಕಡಿಯುತ್ತೆ?

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದು ಕೇಳುತ್ತೆ. ಟಕಟಕ, ಟಕಟಕ. ಎಳೆ ಕಡಿದರೆ ಮಗ್ಗ ನಿಲ್ಲಿಸಬೇಕು. ಎಳೆ ಹುಡುಕಿ ಗಂಟು ಹಾಕಬೇಕು. ಅಷ್ಟು ಹೊತ್ತು ಸೀರೆಯೂ ಮುಂದೆ ಹೋಗಲ್ಲ, ಕೂಲಿಯೂ ಹುಟ್ಟಲ್ಲ. "ನಿನ್ನ ಕೈ ಸರಿಯಿಲ್ಲ ಕಣಮ್ಮ" ಅಂತ ಬೈಸಿಕೊಂಡ ಅಕ್ಕಂದಿರು ಎಷ್ಟೋ ಜನ.

ತಪ್ಪು ಕೈಯದೇನಾ? ನೋಡೋಣ ಬನ್ನಿ.

ಗೂಡಿನಿಂದ ಬರುವ ಎಳೆ ನಮ್ಮ ತಲೆಕೂದಲಿಗಿಂತ ಬಲು ಸಣ್ಣದು. ಹಲವು ಗೂಡುಗಳ ಎಳೆ ಸೇರಿಸಿದರೆ ಒಂದು ನೂಲು. ಪ್ರತಿ ಎಳೆಯ ಒಳಗೆ ಕಣ್ಣಿಗೆ ಕಾಣದ ಸರಪಳಿಗಳಿವೆ. ಕೆಲವು ಕಡೆ ಅವು ಸೌದೆ ಹೊರೆಯಂತೆ ಬಿಗಿಯಾಗಿವೆ. ಕೆಲವು ಕಡೆ ಬಿಚ್ಚಿದ ಜಡೆಯಂತೆ ಸಡಿಲವಾಗಿವೆ. ಎಳೆದಾಗ ಸಡಿಲವಾದದ್ದು ನೆಟ್ಟಗಾಗುತ್ತೆ. ಅದಕ್ಕೇ ರೇಷ್ಮೆ ಸ್ವಲ್ಪ ಹಿಗ್ಗುತ್ತೆ. ಬಿಗಿಯಾದದ್ದು ಹಿಡಿದುಕೊಳ್ಳುತ್ತೆ. ಅದಕ್ಕೇ ರೇಷ್ಮೆ ಗಟ್ಟಿ.

ಹಾಗಾದರೆ ಕಡಿಯೋದು ಯಾಕೆ?

ಬಟ್ಟೆ ಅಂಗಡಿಯಲ್ಲಿ ನೋಡಿದ್ದೀರಲ್ಲ. ಅಂಗಡಿಯವನು ಅಂಚಿಗೆ ಕತ್ತರಿಯಿಂದ ಚಿಕ್ಕ ಗಾಯ ಮಾಡುತ್ತಾನೆ. ಆಮೇಲೆ ಸರ್ ಅಂತ ಹರಿಯುತ್ತಾನೆ. ಗಾಯ ಇಲ್ಲದಿದ್ದರೆ ಅಷ್ಟು ಸುಲಭವಾಗಿ ಹರಿಯಲ್ಲ. ಎಳೆತದ ಭಾರವೆಲ್ಲ ಗಾಯದ ತುದಿಗೆ ಬಂದು ಬೀಳುತ್ತೆ. ನೂಲಿನಲ್ಲೂ ಹೀಗೇ. ಎಲ್ಲೋ ಒಂದು ತರಚು, ಒಂದು ತೆಳು ಜಾಗ. ಅಲ್ಲಿಂದಲೇ ಕಡಿತ ಶುರು.

1920ರಲ್ಲಿ ಇಂಗ್ಲೆಂಡಿನ ಗ್ರಿಫಿತ್ ಎಂಬುವರು ಇದನ್ನು ಗಾಜಿನಲ್ಲಿ ತೋರಿಸಿದರು. ಗಾಜು ಕರಗಿಸಿ ಎಳೆ ಎಳೆದರು. ಎಳೆ ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು ಭಾರ ತಡೆಯಿತು! ಸಣ್ಣ ಎಳೆಯಲ್ಲಿ ದೊಡ್ಡ ಗಾಯಕ್ಕೆ ಜಾಗವೇ ಇಲ್ಲವಲ್ಲ.

ಉದ್ದದ ಮಾತು ಬೇರೆ. ನೂಲು ಉದ್ದವಾದಷ್ಟೂ ಎಲ್ಲಾದರೂ ಒಂದು ಕಡೆ ಕೆಟ್ಟ ಜಾಗ ಇದ್ದೇ ಇರುತ್ತೆ. ಮಗ್ಗದ ಹಾಸಿನಲ್ಲಿ ಸಾವಿರಾರು ಎಳೆ, ಒಂದೊಂದೂ ಬಲು ಉದ್ದ. ಎಷ್ಟೇ ಜಾಣೆ ಕೂತರೂ ಕೆಲವು ಕಡಿಯುತ್ತವೆ. ಹಾಸು ಅತಿ ಬಿಗಿಯಾದರೂ ಕಡಿಯುತ್ತೆ, ಅದೂ ನಿಜ. ಗಾಳಿ ಒಣಗಿದರೂ ಅಷ್ಟೇ. ತೇವ ಇದ್ದರೆ ಒಳಗಿನ ಸರಪಳಿ ಸುಲಭವಾಗಿ ಜರುಗುತ್ತೆ, ನೂಲು ಬಾಗುತ್ತೆ. ಒಣಗಿದರೆ ಪೆಡಸಾಗುತ್ತೆ. ಬೇಸಿಗೆಯಲ್ಲಿ ಮಗ್ಗದ ಮನೆಯ ನೆಲಕ್ಕೆ ನೀರು ಚಿಮುಕಿಸುವುದು ಇದಕ್ಕೇ.

ಮುಂದಿನ ಸಲ ಎಳೆ ಕಡಿದಾಗ, ಮಗ್ಗ ನಿಲ್ಲಿಸಿದ ಮೇಲೆ, ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಗಂಟೋ, ಜುಂಗೋ, ತೆಳು ಜಾಗವೋ ಕಂಡರೆ ಕತ್ತರಿಸಿ ಇಟ್ಟುಕೊಳ್ಳಿ. ಮಗ್ಗದ ಯಜಮಾನರಿಗೆ ತೋರಿಸಿ.