ವಾಲ್ವ್ ಆಂಪ್ ಆನ್ ಮಾಡೋದಕ್ಕೂ ಒಂದು ಕ್ರಮ ಇದೆ

ಕಳೆದ ಫೆಸ್ಟ್‌ನ ಸೌಂಡ್‌ಚೆಕ್ ದಿನ ಬಾಡಿಗೆಗೆ ತಂದಿದ್ದ ವಾಲ್ವ್ ಆಂಪ್ ಹತ್ತು ನಿಮಿಷಕ್ಕೇ ಕೈಕೊಟ್ಟಿತು. ಸ್ಪೀಕರ್ ಕೇಬಲ್‌ನ ಒಂದು ತುದಿ ಆಂಪ್‌ಗೆ ಸಿಕ್ಕಿಸಿತ್ತು, ಇನ್ನೊಂದು ತುದಿ ಕ್ಯಾಬಿನೆಟ್ ಹಿಂದೆ ನೆಲದ ಮೇಲೆ ಬಿದ್ದಿತ್ತು. ಸೌಂಡ್ ಬರ್ತಿಲ್ಲ ಅಂತ ನಾವು ವಾಲ್ಯೂಮ್ ಏರಿಸುತ್ತಲೇ ಹೋದೆವು. ಆಮೇಲೆ ಬಂದದ್ದು ವಾರ್ನಿಷ್ ಸುಟ್ಟ ವಾಸನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಪಕ್ಕದಲ್ಲಿದ್ದ ಸೀನಿಯರ್ ಒಬ್ಬರು, "ಸ್ಟ್ಯಾಂಡ್‌ಬೈನಲ್ಲಿ ಸರಿಯಾಗಿ ಬಿಸಿ ಮಾಡ್ಲಿಲ್ಲ, ಅದಕ್ಕೇ ಹೀಗಾಯ್ತು" ಅಂದರು. ಕಾರಣ ಅದಲ್ಲ. ಆದ್ರೆ ಗಿಟಾರ್ ಬಾರಿಸೋ ಬಹಳ ಜನ ಹಾಗೇ ನಂಬಿದ್ದಾರೆ.

ಮೊದಲು ವಾಲ್ವ್ ಏನು ಮಾಡುತ್ತೆ ನೋಡೋಣ. ಗಾಜಿನ ನಿರ್ವಾತ ಕೊಳವೆಯೊಳಗೆ ನಿಕಲ್ ಕ್ಯಾಥೋಡ್, ಅದರ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡ್‌ಗಳ ಲೇಪ. 6.3 ವೋಲ್ಟ್‌ನ ಹೀಟರ್ ಅದನ್ನು ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಎಲೆಕ್ಟ್ರಾನ್‌ಗಳು ಹೊರಬರುತ್ತವೆ, 400-450 ವೋಲ್ಟ್‌ನ ಪ್ಲೇಟ್ ಅವನ್ನು ಸೆಳೆಯುತ್ತೆ, ನಡುವಿನ ಗ್ರಿಡ್ ಎಷ್ಟು ಹೋಗಬೇಕು ಅಂತ ತೀರ್ಮಾನಿಸುತ್ತೆ. ಒಂದು ಇಎಲ್34 ವಾಲ್ವ್‌ನ ಹೀಟರ್ ಒಂದೇ 1.5 ಆಂಪಿಯರ್ ಕುಡಿಯುತ್ತೆ. ಕ್ಯಾಥೋಡ್ ಕಾಯೋಕೆ ಹತ್ತಿಪ್ಪತ್ತು ಸೆಕೆಂಡ್ ಬೇಕು.

ಸ್ಟ್ಯಾಂಡ್‌ಬೈ ಕಥೆ ಹುಟ್ಟೋದು ಈ ಕಾಯುವ ಹೊತ್ತಿನಲ್ಲೇ. ಕ್ಯಾಥೋಡ್ ತಣ್ಣಗಿರುವಾಗ ಪ್ಲೇಟ್‌ಗೆ ಹೈ ವೋಲ್ಟೇಜ್ ಕೊಟ್ಟರೆ ಲೇಪವೇ ಕಿತ್ತು ಬರುತ್ತೆ, ಇದಕ್ಕೆ ಕ್ಯಾಥೋಡ್ ಸ್ಟ್ರಿಪ್ಪಿಂಗ್ ಅಂತಾರೆ. ಸಾವಿರಾರು ವೋಲ್ಟ್‌ನ ಟ್ರಾನ್ಸ್‌ಮಿಟರ್ ವಾಲ್ವ್‌ಗಳಲ್ಲಿ ಈ ಭಯಕ್ಕೆ ಅರ್ಥವಿದೆ, ಗಿಟಾರ್ ಆಂಪ್‌ನ ವೋಲ್ಟೇಜ್‌ನಲ್ಲಿ ಇಲ್ಲ. ಫೆಂಡರ್ ಚಾಂಪ್‌ಗೆ ಸ್ಟ್ಯಾಂಡ್‌ಬೈ ಸ್ವಿಚ್ಚೇ ಇರಲಿಲ್ಲ. ಅಂಥ ಹಳೇ ಚಾಂಪ್‌ಗಳು ಇವತ್ತಿಗೂ ಹಾಡ್ತಿವೆ.

ಹಾಗಾದ್ರೆ ಆ ಸ್ವಿಚ್ ಪೂರ್ತಿ ದಂಡವೇ? ಅಲ್ಲ. ವಾಲ್ವ್‌ಗಳು ಕರೆಂಟ್ ಎಳೆಯೋಕೆ ಶುರುಮಾಡೋ ತನಕ ಸಪ್ಲೈಗೆ ಲೋಡ್ ಇರಲ್ಲ, ಆಗ ವೋಲ್ಟೇಜ್ ಮಾಮೂಲಿಗಿಂತ ಮೇಲೇರಿ ಫಿಲ್ಟರ್ ಕ್ಯಾಪಾಸಿಟರ್‌ಗಳ ಮೇಲೆ ಬೀಳುತ್ತೆ. ಕ್ಯಾಪಾಸಿಟರ್‌ನ ರೇಟಿಂಗ್ ಬಿಗಿಯಾಗಿದ್ದರೆ ಸ್ವಿಚ್ ಉಪಯೋಗಕ್ಕೆ ಬಂದೀತು. ಹಾಡಿನ ನಡುವಿನ ಬ್ರೇಕ್‌ನಲ್ಲಿ ಸೌಂಡ್ ನಿಲ್ಲಿಸೋಕೂ ಅನುಕೂಲ. ಆದ್ರೆ ಗಂಟೆಗಟ್ಟಲೆ ಸ್ಟ್ಯಾಂಡ್‌ಬೈನಲ್ಲಿ ಬಿಡೋದು ಒಳ್ಳೇದಲ್ಲ: ಕ್ಯಾಥೋಡ್ ಕಾದಿದ್ದು ಕರೆಂಟ್ ಹರಿಯದೇ ಇದ್ದರೆ ಲೇಪ ಮತ್ತು ನಿಕಲ್ ನಡುವೆ ರೆಸಿಸ್ಟೆನ್ಸ್ ಇರುವ ಪದರ ಬೆಳೆಯುತ್ತೆ, ವಾಲ್ವ್ ನಿಧಾನಕ್ಕೆ ಸೋಲುತ್ತೆ. ಕಾಪಾಡಲಿ ಅಂತ ಬಿಟ್ಟ ಸ್ವಿಚ್ಚೇ ಸವೆಸುತ್ತೆ! ಅರ್ಧ ಗಂಟೆಗಿಂತ ಹೆಚ್ಚು ಬಿಡುವಿದ್ದರೆ ಪೂರ್ತಿ ಆಫ್ ಮಾಡೋದೇ ನಮ್ಮ ಪದ್ಧತಿ.

ಈಗ ನಮ್ಮ ಆಂಪ್‌ನ ಸಾವಿನ ವಿಷಯ. ಇಎಲ್34 ಜೋಡಿಗೆ ಸುಮಾರು 3,400 ಓಮ್ ಲೋಡ್ ಬೇಕು, ಸ್ಪೀಕರ್ ಇರೋದು 8 ಓಮ್. 3,400 ಭಾಗಿಸು 8 ಅಂದ್ರೆ 425, ಅದರ ವರ್ಗಮೂಲ ಸುಮಾರು 20.6, ಅಂದ್ರೆ ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಅನುಪಾತ ಅಷ್ಟು. ಸ್ಪೀಕರ್ ಇಲ್ಲದಿದ್ದರೆ ವಾಲ್ವ್‌ಗೆ ಕಾಣೋ ಲೋಡ್ ವಿಪರೀತ ದೊಡ್ಡದು. ಮೇಲಾಗಿ, ಕರೆಂಟ್ ಥಟ್ಟನೆ ಕಡಿದಾಗ ಕಾಯಿಲ್‌ನಲ್ಲಿ ಕೂಡಿಟ್ಟ ಶಕ್ತಿಗೆ ಹೋಗೋಕೆ ದಾರಿ ಇರಲ್ಲ. ಮೊದಲ ವರ್ಷ ಓದಿದ ಎಲ್ ಡಿಐ ಬೈ ಡಿಟಿ ನೆನಪಿದೆಯಲ್ವಾ? ಪ್ಲೇಟ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು ವೈಂಡಿಂಗ್‌ನ ಇನ್ಸುಲೇಷನ್ ಅಥವಾ ವಾಲ್ವ್ ಸಾಕೆಟ್ ಸೀಳುತ್ತೆ. ಟ್ರಾನ್ಸಿಸ್ಟರ್ ಆಂಪ್‌ಗೆ ಇದು ಉಲ್ಟಾ. ಅದಕ್ಕೆ ಸ್ಪೀಕರ್ ಇಲ್ಲದಿದ್ದರೂ ನಡೆಯುತ್ತೆ, ಶಾರ್ಟ್ ಆದ್ರೆ ಕಷ್ಟ.

ಹಳೇ ಫೆಂಡರ್‌ಗಳಲ್ಲಿ ಪ್ಲಗ್ ತೆಗೆದರೆ ಸ್ಪೀಕರ್ ಜ್ಯಾಕ್ ತಾನಾಗೇ ಶಾರ್ಟ್ ಆಗುತ್ತೆ. ಇದು ಒಳ್ಳೇ ರಕ್ಷಣೆ. ಆದ್ರೆ ನಮ್ಮ ಹಾಗೆ ಆಂಪ್ ತುದಿಯನ್ನು ಸಿಕ್ಕಿಸಿ ಆ ಕಡೆ ತುದಿ ಮರೆತರೆ ಅಂಥ ಜ್ಯಾಕ್ ಕೂಡ ಏನೂ ಮಾಡಲಾರದು. ಅದಕ್ಕೇ ಕೇಬಲ್‌ನ ಎರಡೂ ತುದಿಯನ್ನು ಕೈಯಲ್ಲಿ ಮುಟ್ಟಿ ನೋಡಿ, ಓಮ್ ಹೊಂದಿಸಿ, ಆಮೇಲೆ ಪವರ್ ಹಾಕಿ. ಸ್ಪೀಕರ್ ಕೇಬಲ್ ಬದಲು ಗಿಟಾರ್ ಕೇಬಲ್ ಹಾಕೋ ಅಭ್ಯಾಸವೂ ಬೇಡ, ಒಳಗಿನ ತಂತಿ ತೀರಾ ತೆಳು.

ಅಮೆರಿಕದಿಂದ ಅಣ್ಣ, ಮಾವ ತಂದುಕೊಟ್ಟ ಆಂಪ್ ಇದ್ದವರಿಗೆ ಇನ್ನೊಂದು ಮಾತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 120ಕ್ಕೆ ಇಳಿಸುತ್ತೆ, ಆದ್ರೆ ನಮ್ಮ 50 ಹರ್ಟ್ಜ್ ಹಾಗೇ ಇರುತ್ತೆ. ಕೋರ್‌ನ ಫ್ಲಕ್ಸ್ ವೋಲ್ಟೇಜ್ ಬೈ ಫ್ರೀಕ್ವೆನ್ಸಿಯನ್ನು ಅನುಸರಿಸೋದರಿಂದ 60 ಹರ್ಟ್ಜ್‌ಗೆ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲಿ ಶೇಕಡ 20 ಹೆಚ್ಚು ಫ್ಲಕ್ಸ್ ಹೊರಬೇಕು. ಅದು ಗುಂಯ್‌ಗುಡುತ್ತೆ, ಕಾಯುತ್ತೆ. ಹಿಂದಿನ ಫಲಕದಲ್ಲಿ 50/60 ಅಂತ ಇದೆಯಾ ನೋಡಿಕೊಳ್ಳಿ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪ್‌ಗೆ ನೇರ ಮೇನ್ಸ್ ಕೊಡಬೇಡಿ. ಎಲೆಕ್ಟ್ರೋಲಿಟಿಕ್ ಕ್ಯಾಪಾಸಿಟರ್‌ನ ಆಕ್ಸೈಡ್ ಪದರ ಸವೆದಿರುತ್ತೆ. ತಿಳಿದವರು ಮೇನ್ಸ್‌ಗೆ ಸೀರೀಸ್‌ನಲ್ಲಿ 100 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡ್ತಾರೆ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳ್ಳೇ ಲಕ್ಷಣ, ಪ್ರಖರವಾಗೇ ಉರಿದರೆ ಒಳಗೆ ಶಾರ್ಟ್. ಎಲ್‌ಇಡಿ ಬಲ್ಬ್‌ನಿಂದ ಈ ಕೆಲಸ ಆಗಲ್ಲ.

ಕುತೂಹಲಕ್ಕೆ ಅಂತ ಮುಚ್ಚಳ ತೆಗೆಯೋರಿಗೆ: 450 ವೋಲ್ಟ್‌ನಲ್ಲಿ 50 ಮೈಕ್ರೋಫ್ಯಾರಡ್ ಅಂದ್ರೆ ಸುಮಾರು 5 ಜೂಲ್, ಎದೆಯ ಮೂಲಕ ಹೋದರೆ ಜೀವಕ್ಕೇ ಅಪಾಯ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರುತ್ತೆ. 220 ಕಿಲೋಓಮ್ ಬ್ಲೀಡರ್ ಇದ್ದರೆ ಟೈಮ್ ಕಾನ್ಸ್ಟೆಂಟ್ 11 ಸೆಕೆಂಡ್, ಪೂರ್ತಿ ಇಳಿಯೋಕೆ ಒಂದು ನಿಮಿಷ. ಬ್ಲೀಡರ್ ಇಲ್ಲದ ಆಂಪ್‌ಗಳೂ ಇವೆ, ಇದ್ದದ್ದು ಸುಟ್ಟುಹೋಗಿರಲೂಬಹುದು. ಹಾಗಾಗಿ ಒಂದು ನಿಮಿಷ ಎಣಿಸಿ ಧೈರ್ಯ ಮಾಡೋದಲ್ಲ, ಮೀಟರ್ ಹಿಡಿದು ಅಳೆಯಬೇಕು, ಇನ್ನೊಂದು ಕೈ ಜೇಬಿನಲ್ಲಿರಲಿ.

ನಮ್ಮ ಬಾಡಿಗೆ ಆಂಪ್‌ಗೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದು ಕ್ಲಬ್‌ನ ದುಡ್ಡಲ್ಲೇ. ಈ ಸಲದ ಫೆಸ್ಟ್‌ಗೆ ಸ್ಪೀಕರ್ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇವೆ.