ಬಿಸಿಗಾಗಿ ಕಾಯುವ ಹುಳು

ಉತ್ತರ ಯುರೋಪು, ಕೆನಡಾ, ಅಲಾಸ್ಕಾದ ಸರೋವರಗಳಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮೀನಿದೆ. ಬೆನ್ನ ಮೇಲೆ ಮೂರು ಮುಳ್ಳು. ಇವುಗಳಲ್ಲಿ ಕೆಲವು ಹೊಟ್ಟೆ ಉಬ್ಬಿಸಿಕೊಂಡು ನಿಧಾನವಾಗಿ ಈಜುತ್ತಿರುತ್ತವೆ. ನೋಡಿದರೆ ಮೊಟ್ಟೆ ತುಂಬಿಕೊಂಡಂತೆಯೇ ಕಾಣುತ್ತದೆ. ಸೀಳಿದರೆ ಹೊರಬರುವುದು ಬೆಳ್ಳನೆಯ, ಚಪ್ಪಟೆ ಮೈಯ ಲಾಡಿಹುಳು. ಒಂದೇ ಮೀನಿನಲ್ಲಿ ಹಲವು ಇರುವುದೂ ಉಂಟು. ಎಲ್ಲವನ್ನೂ ಸೇರಿಸಿ ತೂಗಿದರೆ ಕೆಲವೊಮ್ಮೆ ಮೀನಿನಷ್ಟೇ ತೂಕ!

ಇದರ ಹೆಸರು ಸ್ಕಿಸ್ಟೊಸೆಫಲಸ್ ಸಾಲಿಡಸ್. ಇದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಚರ್ಮದಿಂದಲೇ ಆಹಾರ ಹೀರುತ್ತದೆ. ನೀರಿನಲ್ಲಿ ಮೊಟ್ಟೆಯೊಡೆದು ಬಂದ ಮರಿಯನ್ನು ಸಿಗಡಿಯ ದೂರದ ನೆಂಟನಾದ ಕೋಪಿಪಾಡ್ ಎಂಬ ಪುಟ್ಟ ಜೀವಿ ನುಂಗುತ್ತದೆ, ಅದನ್ನು ಮೀನು ನುಂಗುತ್ತದೆ. ಮೀನಿನ ಕರುಳು ಕೊರೆದು ಹೊಟ್ಟೆಯೊಳಗಿನ ಪೊಳ್ಳಿಗೆ ಇಳಿದ ಹುಳು ಅಲ್ಲಿ ಬೆಳೆಯುತ್ತದೆಯೇ ಹೊರತು ಮೊಟ್ಟೆ ಇಡುವುದಿಲ್ಲ. ಅದಕ್ಕೆ ಹಕ್ಕಿಯ ಕರುಳಿನ ಸುಮಾರು 40 ಡಿಗ್ರಿ ಶಾಖ ಬೇಕು. ಮೀನು ಹಕ್ಕಿಯ ಹೊಟ್ಟೆ ಸೇರಿದ ಎರಡು ದಿನಕ್ಕೆಲ್ಲ ಮೊಟ್ಟೆ ಶುರು. ಹಿಕ್ಕೆಯ ಜೊತೆ ಅವು ಮತ್ತೆ ನೀರಿಗೆ ಬೀಳುತ್ತವೆ. ಆಮೇಲೆ ಹುಳು ಹೆಚ್ಚು ದಿನ ಬದುಕುವುದಿಲ್ಲ.

ಡೆನ್ಮಾರ್ಕಿನ ಪಶುವೈದ್ಯ ಪೀಟರ್ ಅಬಿಲ್ಡ್‌ಗಾರ್ಡ್ 1790ರ ಸುಮಾರಿಗೇ ಈ ಮೀನಿನ ಹುಳುಗಳನ್ನು ಬಾತುಕೋಳಿಗಳಿಗೆ ತಿನ್ನಿಸಿ, ಅವು ಹಕ್ಕಿಯ ಕರುಳಲ್ಲಿ ಬದುಕುತ್ತವೆಂದು ತೋರಿಸಿದ್ದರು. ಪರೋಪಜೀವಿಯೊಂದು ಪ್ರಾಣಿಯಿಂದ ಪ್ರಾಣಿಗೆ ಮನೆ ಬದಲಿಸುತ್ತದೆ ಎಂಬುದಕ್ಕೆ ಸಿಕ್ಕ ಮೊದಮೊದಲ ಪುರಾವೆ ಅದು. ಅವರ ಹೆಸರು ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಹುಳು ಸುಮಾರು 50 ಮಿಲಿಗ್ರಾಂ ಆಗುವ ತನಕ ಹಕ್ಕಿಯಲ್ಲಿ ಬಾಳಲು ಸಜ್ಜಾಗಿರುವುದಿಲ್ಲ. ಅಷ್ಟು ಬೆಳೆದ ಮೇಲೆ ಮೀನಿನ ನಡತೆಯೇ ಬದಲಾಗುತ್ತದೆ. ಮೇಲೆ ಕೊಕ್ಕು ಕಂಡರೂ ಅದು ಮೊದಲಿನಂತೆ ಬೆದರಿ ಓಡುವುದಿಲ್ಲ. ಬೆಚ್ಚನೆಯ ನೀರನ್ನೇ ಹುಡುಕಿಕೊಂಡು ಹೋಗುತ್ತದೆ.

ನನ್ನನ್ನು ಕಾಡುವುದು ಈ ಬೆಚ್ಚನೆಯ ನೀರು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸೋಂಕು ತಗುಲಿದ ಮೀನುಗಳನ್ನು 15 ಮತ್ತು 20 ಡಿಗ್ರಿ ನೀರಿನಲ್ಲಿ ಸಾಕಿ ನೋಡಿದರು. ಎಂಟು ವಾರಗಳಲ್ಲಿ 20 ಡಿಗ್ರಿಯ ಹುಳುಗಳೆಲ್ಲ ಹಕ್ಕಿಗೆ ದಾಟುವಷ್ಟು ಬೆಳೆದಿದ್ದವು. 15 ಡಿಗ್ರಿಯಲ್ಲಿ ಒಂದೂ ಇಲ್ಲ. ಮೀನು ಚೆನ್ನಾಗಿ ಬೆಳೆದದ್ದು ಮಾತ್ರ ತಣ್ಣೀರಿನಲ್ಲಿ. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಸರೋವರದ ಐದು ಡಿಗ್ರಿ ಹೆಚ್ಚಳ ಹುಳುವಿಗೆ ಲಾಭ, ಮೀನಿಗೆ ನಷ್ಟ.