ಅಭಿಮಾನವೂ ದುರಭಿಮಾನವೂ: ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ರೇಕ್ಷಕರು

ಕ್ರೀಡೆಯು ದೇಹಕ್ಕೆ ಬಲವನ್ನೂ ಮನಸ್ಸಿಗೆ ಶಿಸ್ತನ್ನೂ ಕೊಡುತ್ತದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಆಡುವವನಿಗೆ ಬೇಕಾದ ಶಿಸ್ತು ನೋಡುವವನಿಗೂ ಬೇಕೆಂಬುದನ್ನು ಮರೆಯುವವರೇ ಹೆಚ್ಚು. ಆಟಗಾರನು ತಪ್ಪಿದೊಡನೆ ತೀರ್ಪುಗಾರನು ಸೀಟಿ ಊದುತ್ತಾನೆ. ಪ್ರೇಕ್ಷಕನು ತಪ್ಪಿದಾಗ ಊದುವವರಾರು? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯು ಕಾಲೇಜು ಫುಟ್‌ಬಾಲಿನ ಸಂದರ್ಭದಲ್ಲಿ ಮತ್ತೆ ಮತ್ತೆ ಎದ್ದಿದೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ಭಾರತದಲ್ಲಿ ಪರಿಚಿತವಾಗಿರುವ ಕಾಲ್ಚೆಂಡಾಟವಲ್ಲ. ಅಲ್ಲಿ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಓಡುವವನನ್ನು ಹಿಡಿದು ಕೆಡವುತ್ತಾರೆ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಅಂತರ ಕಾಲೇಜು ಫುಟ್‌ಬಾಲಿನ ಆರಂಭವೆಂದು ಪರಿಗಣಿಸುತ್ತಾರೆ. ಅಂದಿನ ನಿಯಮಗಳು ಇಂದಿನವುಗಳಿಗಿಂತ ತೀರ ಭಿನ್ನವಾಗಿದ್ದವು. ಇಂದು ಈ ಪಂದ್ಯಗಳಿಗೆ ಸೇರುವ ಜನಸ್ತೋಮ ಬೆರಗುಗೊಳಿಸುವಂಥದು. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲಿಯೇ 1,07,601 ಆಸನಗಳಿವೆ. ಅಲಬಾಮದಂತಹ ಕೆಲವು ರಾಜ್ಯಗಳಲ್ಲಿ ರಾಷ್ಟ್ರೀಯ ಮಟ್ಟದ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲದ ಕಾರಣ, ವಿಶ್ವವಿದ್ಯಾಲಯದ ತಂಡವೇ ಇಡೀ ನಾಡಿನ ತಂಡವೆನಿಸುತ್ತದೆ. ಓದಿ ಹೋದವರು, ಅವರ ಮಕ್ಕಳು, ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಕೂಡ ಅದರ ಬಣ್ಣದ ಉಡುಪು ಧರಿಸಿ ಬರುತ್ತಾರೆ.

ಇಂತಹ ಪ್ರೀತಿ ಸ್ವತಃ ದೋಷವಲ್ಲ. ಸಂಸ್ಥೆಗಳಿಗೆ ದಾನಿಗಳು ದೊರೆಯುವುದು, ಹಳೆಯ ವಿದ್ಯಾರ್ಥಿಗಳು ಮರಳಿ ಬರುವುದು ಬಹುಮಟ್ಟಿಗೆ ಇದರಿಂದಲೇ. ಆದರೆ ತನ್ನ ತಂಡದ ಮೇಲಿನ ಪ್ರೀತಿಯು ಪರರ ಮೇಲಿನ ತಿರಸ್ಕಾರವಾಗಿ ತಿರುಗಿದಾಗ ಕೇಡು ಮೊದಲಾಗುತ್ತದೆ. ಎದುರು ಪಕ್ಷದ ಉಡುಪು ಧರಿಸಿ ಬಂದ ಕುಟುಂಬವನ್ನು ಹೀಯಾಳಿಸುವುದು, ಅಶ್ಲೀಲ ಘೋಷಣೆ ಕೂಗುವುದು, ಪಾನೀಯವನ್ನು ಎರಚುವುದು, ಕೊನೆಗೆ ಕೈಮಾಡುವುದು, ಹೀಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪಂದ್ಯಕ್ಕೆ ಗಂಟೆಗಟ್ಟಲೆ ಮೊದಲೇ ವಾಹನಗಳ ಬಳಿ ನಡೆಯುವ ಊಟೋಪಚಾರದ ಜೊತೆಗೆ ಮದ್ಯಪಾನವೂ ಸೇರಿದಾಗ ಈ ಇಳಿತ ಇನ್ನಷ್ಟು ವೇಗವಾಗುತ್ತದೆ.

2022ರ ಸೆಪ್ಟೆಂಬರ್ 17ರಂದು ಆರೆಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡ ಬಂದಿತ್ತು. ಈ ವಿಶ್ವವಿದ್ಯಾಲಯವು ಮಾರ್ಮನ್ ಎಂದು ಜನರು ಕರೆಯುವ ಕ್ರೈಸ್ತ ಪಂಥಕ್ಕೆ ಸೇರಿದುದು. ಆತಿಥೇಯ ವಿದ್ಯಾರ್ಥಿಗಳ ಆಸನಗಳಿಂದ ಆ ಪಂಥವನ್ನೇ ನಿಂದಿಸುವ ಅಶ್ಲೀಲ ಕೂಗು ಎದ್ದಿತು. ಆಟದಲ್ಲಿ ಆರೆಗನ್ ತಂಡವೇ 41–20 ಅಂಕಗಳಿಂದ ಗೆದ್ದಿತ್ತು; ಆದರೂ ವಿಶ್ವವಿದ್ಯಾಲಯವು ಕ್ಷಮೆ ಯಾಚಿಸಬೇಕಾಯಿತು. ರಾಜ್ಯದ ರಾಜ್ಯಪಾಲರೂ ಆ ನಡತೆಯನ್ನು ಖಂಡಿಸಿದರು. ಚೆಂಡಿಗೂ ಒಬ್ಬನ ಧರ್ಮಶ್ರದ್ಧೆಗೂ ಯಾವ ಸಂಬಂಧವೂ ಇಲ್ಲ. ಆದರೆ ಗುಂಪಿನಲ್ಲಿ ನೋವುಂಟುಮಾಡುವ ಬಯಕೆ ಹುಟ್ಟಿದರೆ, ಎದುರಿನವನ ಅತ್ಯಂತ ಪ್ರಿಯವಾದ ವಸ್ತುವನ್ನೇ ಅದು ಹುಡುಕುತ್ತದೆ.

ಅಲಬಾಮ ರಾಜ್ಯದಲ್ಲಿ ನಡೆದ ಪ್ರಕರಣ ಇದಕ್ಕಿಂತಲೂ ಘೋರವಾದುದು. ಆಬರ್ನ್ ಪಟ್ಟಣದ ಟೂಮರ್ಸ್ ಕಾರ್ನರ್ ಎಂಬಲ್ಲಿ ಹಳೆಯ ಎರಡು ಓಕ್ ವೃಕ್ಷಗಳಿದ್ದವು. ಆಬರ್ನ್ ತಂಡ ಗೆದ್ದಾಗಲೆಲ್ಲ ಜನರು ಆ ಮರಗಳ ಮೇಲೆ ಕಾಗದದ ಸುರುಳಿಗಳನ್ನೆಸೆದು ಸಂಭ್ರಮಿಸುತ್ತಿದ್ದರು. 2010ರ ನವೆಂಬರ್ 26ರಂದು ಆಬರ್ನ್ ತಂಡವು ಅಲಬಾಮ ವಿಶ್ವವಿದ್ಯಾಲಯದ ತಂಡವನ್ನು 28–27ರಿಂದ, ಕೇವಲ ಒಂದು ಅಂಕದ ಅಂತರದಿಂದ ಸೋಲಿಸಿತು. ಆ ಬಳಿಕ ಸೋತ ಪಕ್ಷದ ಅಭಿಮಾನಿಯೊಬ್ಬನು ಮರಗಳ ಬುಡಕ್ಕೆ ತೀಕ್ಷ್ಣವಾದ ಸಸ್ಯನಾಶಕವನ್ನು ಹಾಕಿದನು. 2011ರ ಜನವರಿಯಲ್ಲಿ ರೇಡಿಯೊ ಕಾರ್ಯಕ್ರಮವೊಂದಕ್ಕೆ ದೂರವಾಣಿ ಮಾಡಿ ತನ್ನ ಕೃತ್ಯವನ್ನು ತಾನೇ ಕೊಚ್ಚಿಕೊಂಡನು. ಮರಗಳನ್ನು ಉಳಿಸುವ ಯತ್ನಗಳೆಲ್ಲ ವಿಫಲವಾಗಿ, 2013ರ ಏಪ್ರಿಲಿನಲ್ಲಿ ಅವುಗಳನ್ನು ಕಡಿಯಬೇಕಾಯಿತು. ಅಪರಾಧಿಗೆ ಸೆರೆವಾಸವೂ ಸುಮಾರು 8 ಲಕ್ಷ ಡಾಲರುಗಳ ಪರಿಹಾರದ ಹೊಣೆಯೂ ಒದಗಿದವು. ಇಲ್ಲಿ ಸ್ಮರಿಸಬೇಕಾದ ಇನ್ನೊಂದು ಸಂಗತಿಯಿದೆ. ಮರಗಳನ್ನು ಉಳಿಸಲೆಂದು ಹಣ ಕೂಡಿಸಿದವರಲ್ಲಿ ಅಲಬಾಮ ತಂಡದ ಬೆಂಬಲಿಗರೂ ಇದ್ದರು. ಒಬ್ಬನ ದುರಭಿಮಾನಕ್ಕೆ ಅದೇ ಪಕ್ಷದ ಅನೇಕರು ನಾಚಿದರು.

ಸಾಮಾನ್ಯ ದಿನಗಳಲ್ಲಿ ಸಭ್ಯರಾಗಿರುವವರು ಕ್ರೀಡಾಂಗಣದಲ್ಲಿ ಹೀಗೇಕೆ ವರ್ತಿಸುತ್ತಾರೆ? ಮನಶ್ಶಾಸ್ತ್ರಜ್ಞರು ಇದನ್ನು ಕಾಲೇಜು ಫುಟ್‌ಬಾಲಿನಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. 1951ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ತಂಡಗಳ ನಡುವಿನ ಒರಟು ಪಂದ್ಯದಲ್ಲಿ ಒಬ್ಬ ಆಟಗಾರನ ಮೂಗು, ಎದುರು ಪಕ್ಷದ ಇನ್ನೊಬ್ಬನ ಕಾಲು ಮುರಿದವು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಆ ಪಂದ್ಯದ ಚಲನಚಿತ್ರವನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತಿಸಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಕಂಡ ತಪ್ಪುಗಳ ಎರಡರಷ್ಟಕ್ಕೂ ಹೆಚ್ಚನ್ನು ಅದೇ ತಂಡದಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಕಂಡರು. ಚಿತ್ರ ಒಂದೇ, ನೋಟ ಎರಡು. 1954ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರವೆಂದರೆ, ಪಕ್ಷಪಾತವು ನಾಲಿಗೆಗಿಂತ ಮೊದಲು ಕಣ್ಣನ್ನೇ ಕೆಡಿಸುತ್ತದೆ.

1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೂ ಗಮನಾರ್ಹವಾದುದು. ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಗುರುತಿರುವ ಉಡುಪನ್ನು ಹೆಚ್ಚಾಗಿ ಧರಿಸುತ್ತಿದ್ದರು. ಗೆದ್ದರೆ ‘ನಾವು ಗೆದ್ದೆವು’ ಎನ್ನುವ ಪ್ರವೃತ್ತಿ ಸೋತಾಗ ಕುಗ್ಗುತ್ತಿತ್ತು. ಆಗ ತಂಡವು ‘ಅವರು’ ಆಗಿಬಿಡುತ್ತಿತ್ತು. ಪರರ ಪರಿಶ್ರಮದ ಗೆಲುವಿನಲ್ಲಿ ತನ್ನ ಘನತೆಯನ್ನು ಕಾಣುವವನಿಗೆ ಪರರ ಸೋಲು ತನ್ನದೇ ಅಪಮಾನವಾಗಿ ತೋರುವುದು ಸಹಜ. ಆ ಅಪಮಾನದ ಸಿಟ್ಟು ಪಕ್ಕದ ಆಸನದ ಅಪರಿಚಿತನ ಮೇಲೆ ಹರಿಯುತ್ತದೆ.

ಇದಕ್ಕೆ ದಂಡದ ಉಪಾಯವನ್ನು ಮಾಡಿಲ್ಲವೆಂದಲ್ಲ. 2021ರ ಅಕ್ಟೋಬರಿನಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಪ್ರೇಕ್ಷಕರು ತೀರ್ಪೊಂದಕ್ಕೆ ಕೆರಳಿ ಬಾಟಲಿಗಳನ್ನೆಸೆದು ಆಟವನ್ನು ಸುಮಾರು 20 ನಿಮಿಷ ನಿಲ್ಲಿಸಿದರು. ಪ್ರವಾಸಿ ತಂಡದ ತರಬೇತುದಾರನಿಗೆ ಗಾಲ್ಫ್ ಚೆಂಡೊಂದು ತಗುಲಿತು. ಆಗ ತಂಡಗಳ ಒಕ್ಕೂಟವು ಆ ವಿಶ್ವವಿದ್ಯಾಲಯಕ್ಕೆ 2,50,000 ಡಾಲರು ದಂಡ ವಿಧಿಸಿತು. ದಂಡವು ಕೈಯನ್ನು ತಡೆದೀತು, ಮನಸ್ಸನ್ನು ತಿದ್ದಲಾರದು.

ಮನಸ್ಸನ್ನು ತಿದ್ದುವ ಬಗೆಗೆ ಅಯೋವ ವಿಶ್ವವಿದ್ಯಾಲಯದ ಕ್ರೀಡಾಂಗಣ ಉದಾಹರಣೆಯಾಗಿದೆ. ಅದರ ಎದುರಿಗೇ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡವಿದೆ. 2017ರಿಂದ ಪ್ರತಿ ಪಂದ್ಯದ ಮೊದಲ ಕಾಲುಭಾಗ ಮುಗಿದೊಡನೆ ಕ್ರೀಡಾಂಗಣದ ಸಹಸ್ರಾರು ಜನರು ಆಸ್ಪತ್ರೆಯತ್ತ ತಿರುಗಿ, ಕಿಟಕಿಗಳಲ್ಲಿ ನಿಂತ ರೋಗಪೀಡಿತ ಮಕ್ಕಳಿಗೆ ಕೈಬೀಸುತ್ತಾರೆ. ಎದುರು ತಂಡದ ಆಟಗಾರರೂ ಬೆಂಬಲಿಗರೂ ಜೊತೆಗೂಡುತ್ತಾರೆ. ಆ ಕ್ಷಣದಲ್ಲಿ ಅಂಗಿಯ ಬಣ್ಣ ಯಾವುದೆಂದು ಕೇಳುವವರಿಲ್ಲ. ಅದೇ ಜನ, ಅದೇ ಆಸನ, ಅದೇ ಆಟ. ಬದಲಾದುದು ದೃಷ್ಟಿಯೊಂದೇ.

ಪರವೂರಿನ ತಂಡದೊಡನೆ ಬಂದವನು ಮೊದಲು ಅತಿಥಿ, ಆಮೇಲೆ ಎದುರಾಳಿ. ಅವನೂ ತನ್ನ ವಿದ್ಯಾಸಂಸ್ಥೆಯನ್ನು ಪ್ರೀತಿಸಿಯೇ ಅಷ್ಟು ದೂರ ಬಂದಿರುತ್ತಾನೆ. ಆ ಪ್ರೀತಿಯಲ್ಲಿ ಇಬ್ಬರೂ ಸಮಾನರು. ವರ್ಷಾಂತ್ಯದಲ್ಲಿ ಅಂಕಗಳು ಮರೆತುಹೋಗುತ್ತವೆ. ಆದರೆ ಬಂದವನನ್ನು ಹೇಗೆ ನಡೆಸಿಕೊಂಡರೆಂಬುದು ಆ ಸಂಸ್ಥೆಯ ಹೆಸರಿನೊಡನೆ ಬಹುಕಾಲ ಉಳಿಯುತ್ತದೆ. ಪ್ರೇಕ್ಷಕನಿಗೆ ಸೀಟಿ ಊದುವ ತೀರ್ಪುಗಾರನು ಹೊರಗಿಲ್ಲ. ಅವನು ಪ್ರತಿಯೊಬ್ಬನ ಅಂತಃಸಾಕ್ಷಿಯಲ್ಲಿಯೇ ಇರಬೇಕು. ಅದನ್ನು ಎಚ್ಚರಿಸುವುದು ವಿದ್ಯೆಯ ಕೆಲಸ.